ಚುನ್‌ಬೊಕ್ ಅಣ್ಣನ ಹಿಂದಿನ ಟೈರು

ಪ್ಯೊ ಚುನ್‌ಬೊಕ್‌ನ ಸೈಕಲ್ಲಿನ ಹಿಂದಿನ ಟೈರಿನಲ್ಲಿದ್ದ ಗಾಳಿ ಹನ್ನೊಂದು ವರ್ಷ ಹಳೆಯದು. ಅವನ ತಾಯಿ ಇನ್ನೂ ಬದುಕಿದ್ದಾಗ, ಅಂಗಳದಲ್ಲಿ ಕೂತು ಕಿಮ್ಚಿಯ ಎಲೆಕೋಸಿಗೆ ಉಪ್ಪು ಹಚ್ಚುತ್ತಿದ್ದ ಒಂದು ಬೆಳಿಗ್ಗೆ ತುಂಬಿಸಿದ್ದು. ಆಮೇಲೆ ಅವನು ಪಂಪು ಮುಟ್ಟಿದವನೇ ಅಲ್ಲ. ಉಯ್‌ಜೊಂಗ್‌ಬು ಊರ ಹಿಂದಿನ ಬೆಟ್ಟದಲ್ಲಿ ಮೊಸಳೆಬೆನ್ನು ಎಂಬ ಜಾಡಿನ ಬಂಡೆಗಳು ಊರಿನ ಅರ್ಧ ಜನರ ಟೈರುಗಳನ್ನು ಹಪ್ಪಳದ ಹಾಗೆ ಕಡಿದು ನುಂಗಿವೆ. ಚುನ್‌ಬೊಕ್ ಇಳಿಯುವಾಗ ಮಾತ್ರ ಅವು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದವು. ಒಮ್ಮೆ ಒಂದು ಬಂಡೆ ಸರಿಯಲು ತಡಮಾಡಿತು. ಈಗ ಅಲ್ಲಿ ಎರಡು ಬಂಡೆಗಳಿವೆ. ನಂಬದವರು ಹೋಗಿ ನೋಡಬಹುದು, ಬಿರುಕಿನೊಳಗೆ ಒಂದು ಪೈನ್ ಸಸಿಯೂ ಎದ್ದಿದೆ.

ಅಂಥ ಟೈರು ದಪ್ಪಗಿರಬೇಕು ಎಂದುಕೊಂಡರೆ ತಪ್ಪು. ಅದು ಪಂದ್ಯದವರು ಹಾಕುವ ತೆಳು ಟೈರು, ಪಕ್ಕದ ಗೋಡೆ ಈರುಳ್ಳಿ ಸಿಪ್ಪೆಯಷ್ಟೇ. ಆ ಟೈರಿನ ಹೆಸರು ಹಳದಿ ಅಕ್ಷರಗಳಲ್ಲಿ ದೂರಕ್ಕೇ ಕಾಣುತ್ತಿತ್ತು. ದಪ್ಪ ಟೈರು ಹೆದರುಪುಕ್ಕಲರ ದಿಂಬು ಎಂದು ಚುನ್‌ಬೊಕ್ ಭಾನುವಾರ ಭಾನುವಾರ ಸಾರುತ್ತಿದ್ದ. ಬೆಟ್ಟ ಇಳಿದ ಮೇಲೆ ಮಕ್ಕೊಲ್ಲಿ ಎಂಬ ಅಕ್ಕಿ ಹೆಂಡದ ಅಂಗಡಿಯಲ್ಲಿ ಪಂಕ್ಚರ್ ಆದವನೇ ಎಲ್ಲರಿಗೂ ಕುಡಿಸಬೇಕೆಂಬುದು ಭಾನುವಾರದ ಸೈಕಲ್ ಬಳಗದ ಕಟ್ಟಳೆ. ಚುನ್‌ಬೊಕ್ ಒಂದು ಬಟ್ಟಲನ್ನೂ ಕುಡಿಸಿದವನಲ್ಲ. ಅವನು ಕುಡಿದದ್ದನ್ನು ಸುರಿದಿದ್ದರೆ ಹಾನ್ ನದಿಗೆ ನೆರೆ ಬರುತ್ತಿತ್ತು.

ಮೆಟ್ರೋ ಓಡಿಸಿ ನಿವೃತ್ತನಾದ ಅವನೇ ಬಳಗದಲ್ಲಿ ಹಿರಿಯ. ಹಿರಿಯಣ್ಣ ಹೇಳಿದ್ದಕ್ಕೆ ಎದುರು ಮಾತಿಲ್ಲ. ಎಲ್ಲರಿಗಿಂತ ಕಿರಿಯವನು ಜೆಪಿಲ್. ಮನೆಗಳ ಗೋಡೆಗೆ, ಚಾವಣಿಗೆ ಕಾಗದ ಅಂಟಿಸುವುದು ಅವನ ಕಸುಬು. ಹೋದ ಶರತ್ಕಾಲದಲ್ಲಿ ಅವನು ಬಳಗದವನೇ ಆದ ತಾಕ್‌ನ ಸೈಕಲ್ ಅಂಗಡಿಗೆ ಟೈರು ಕೊಳ್ಳಲು ಹೋದಾಗ ಚುನ್‌ಬೊಕ್ ಅಲ್ಲೇ ಕಾಫಿ ಹೀರುತ್ತಾ ಕೂತಿದ್ದ.

ಜೆಪಿಲ್ ಕೈಯಲ್ಲಿ ಆಗಲೇ ಒಂದು ದಪ್ಪ ಟೈರಿತ್ತು. ಪಕ್ಕಕ್ಕೆ ಎರಡು ಪದರ, ಗಟ್ಟಿ ರಬ್ಬರು.

"ಇದು ಸರಿ," ಅಂದ ತಾಕ್. "ಮುಂದಿಂದು ಹಿಡಿತಕ್ಕೆ, ಮೆತ್ತಗಿರ್ಲಿ. ಏಟು ತಿನ್ನೋದು ಹಿಂದಿಂದು. ನಿನ್ನ ಭಾರ ಎಲ್ಲಾ ಅದರ ಮೇಲೇ ಬೀಳೋದು. ತೆಳ್ಳಗಿದ್ರೆ ಕಲ್ಲಿಗೂ ರಿಮ್ಮಿಗೂ ಮಧ್ಯೆ ಸಿಕ್ಕಿ ಸೀಳುತ್ತೆ."

"ಏನಪ್ಪಾ ಜೆಪಿಲ್, ಎತ್ತಿನಗಾಡಿ ಕೊಂಡ್ಕೊಂಡ್ಯಾ?" ಚುನ್‌ಬೊಕ್ ಬಟ್ಟಲು ಕೆಳಗಿಟ್ಟ. "ಹೇಳಿದ್ರೆ ಎತ್ತನ್ನೂ ನಾನೇ ಹುಡುಕಿ ಕೊಡ್ತಿದ್ದೆ."

"ಅಲ್ಲ ಅಣ್ಣಾ, ಮೊಸಳೆಬೆನ್ನಲ್ಲಿ ನಂಗೆ ಸ್ವಲ್ಪ ಭಯ..."

"ಭಯ ಆದ್ರೆ ತೊರೆ ದಂಡೆ ಮೇಲೆ ಓಡ್ಸು. ಬುಟ್ಟಿ ಸೈಕಲ್ಲಿನ ಅಜ್ಜಿಯರು ಇರ್ತಾರೆ, ಬಾತುಕೋಳಿ ಇರ್ತವೆ. ಜೊತೆ ಚೆನ್ನಾಗಿರುತ್ತೆ."

"ಅಣ್ಣಾ, ನಿಮ್ಮ ಮಾತು ಬೇರೆ," ಅಂದ ತಾಕ್. "ಇವನು ಹೊಸಬ."

"ನಾನೇನು ಹುಟ್ತಾನೇ ಸೈಕಲ್ ಮೇಲೆ ಹುಟ್ಟಿದ್ನಾ? ನನ್ನ ಟೈರು ನೋಡಿದೀಯಲ್ಲ ಜೆಪಿಲ್. ತೆಳ್ಳಗಿದ್ರೆ ಕಲ್ಲು ಏನು ಹೇಳ್ತಿದೆ ಅಂತ ಕೇಳ್ಸುತ್ತೆ. ದಪ್ಪಗಿದ್ರೆ ಕಿವುಡು."

ಚುನ್‌ಬೊಕ್ ನಕ್ಕ ರಭಸಕ್ಕೆ ಎದುರಿನ ಕೋಳಿ ಕರಿಯುವ ಅಂಗಡಿಯಲ್ಲಿ ಕುದಿಯುತ್ತಿದ್ದ ಎಣ್ಣೆ ತಣ್ಣಗಾಯಿತು. ಜೆಪಿಲ್ ಕೂಡ ನಕ್ಕ. ದಪ್ಪ ಟೈರನ್ನು ಗೂಟಕ್ಕೆ ತಿರುಗಿ ಸಿಕ್ಕಿಸಿ ತೆಳ್ಳನೆಯದನ್ನು ತೆಗೆದುಕೊಂಡ. ಅಣ್ಣ ಅಷ್ಟು ಹೇಳಿದ ಮೇಲೆ ಬೇರೆಯದನ್ನು ಹಾಕಿಕೊಂಡು ಭಾನುವಾರ ಮುಖ ತೋರಿಸುವುದು ಹೇಗೆ?

ಎಲೆಗಳು ಕೆಂಪಾಗಿ ಉದುರುವ ಹೊತ್ತಿಗೆ ಅದು ಸೀಳಿತು. ಶಿಖರದಿಂದ ಇಳಿಯುತ್ತಾ, ಮೊಸಳೆಯ ಬಾಲ ಎನ್ನುವ ಕಡಿದಾದ ಕಡೆ ಜೆಪಿಲ್‌ನ ಹಿಂದಿನ ಚಕ್ರ ಒಂದು ಚೂಪುಗಲ್ಲಿಗೆ ತಗಲಿದ ಕೂಡಲೇ ಗಾಳಿಯೆಲ್ಲ ಒಂದೇ ಉಸಿರಿಗೆ ಹೋಯಿತು. ಚಕ್ರ ಅಡ್ಡ ತಿರುಗಿ ಅವನು ಎಡಭುಜದ ಮೇಲೆ ಬಂಡೆಗೆ ಬಿದ್ದ. ಆ ಸದ್ದನ್ನು ಚುನ್‌ಬೊಕ್ ಯಾವತ್ತೂ ದೊಡ್ಡದು ಮಾಡಿ ಹೇಳಿಲ್ಲ. ಅದನ್ನು ಅವನು ಹೇಳಿದ್ದೇ ಇಲ್ಲ.

ಆಸ್ಪತ್ರೆಯಲ್ಲಿ ಜೆಪಿಲ್ ಮಲಗಿದಲ್ಲಿಂದಲೇ ತಲೆ ಬಗ್ಗಿಸಲು ನೋಡಿದ.

"ನಿಮ್ಮೆಲ್ಲರ ಭಾನುವಾರ ಹಾಳ್ಮಾಡ್ದೆ ಅಣ್ಣಾ. ಕ್ಷಮಿಸಿ."

"ಬಿಡಪ್ಪಾ."

"ಟೈರಿನ ತಪ್ಪಿಲ್ಲ. ಅದೇ ಟೈರಲ್ಲಿ ನೀವು ಹನ್ನೊಂದು ವರ್ಷ ಇಳಿದಿದೀರಿ. ನಂಗೇ ಬರಲ್ಲ."

ಚುನ್‌ಬೊಕ್ ತಂದಿದ್ದ ಪೇರು ಹಣ್ಣಿನ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹೊರಗೆ ನೋಡುತ್ತಾ, "ಮೈಯನ್ನ ಇನ್ನೂ ಸ್ವಲ್ಪ ಹಿಂದಕ್ಕೆ ಹಾಕ್ಬೇಕಿತ್ತು ನೀನು," ಅಂದ. ಜೆಪಿಲ್ ಹೌದು ಎಂದು ಕಣ್ಣು ಮುಚ್ಚಿದ.

ಚಳಿಗಾಲ ಕಳೆದರೂ ಜೆಪಿಲ್‌ನ ಎಡಗೈ ಭುಜದಿಂದ ಮೇಲೇಳಲಿಲ್ಲ. ಚಾವಣಿಗೆ ಕಾಗದ ಅಂಟಿಸುವವನಿಗೆ ಎರಡು ಕೈಯೂ ತಲೆಯ ಮೇಲಿರಬೇಕು. ಈಗ ಅವನು ನಿನ್ನೆಮೊನ್ನೆ ಕೆಲಸ ಕಲಿತವರ ಕೈಕೆಳಗೆ, ನೆಲದ ಮೇಲೆ ಕೂತು ಕಾಗದಕ್ಕೆ ಅಂಟು ಬಳಿಯುತ್ತಿದ್ದ. ಸೈಕಲ್ಲು ಮಾರಿಬಿಡುತ್ತೇನೆ, ಕೊನೆಯದಾಗಿ ಒಮ್ಮೆ ಎಲ್ಲರ ಮುಖ ನೋಡಿ ಹೋಗುತ್ತೇನೆ ಎಂದು ವಸಂತದ ಬೆಟ್ಟಪೂಜೆಗೆ ಬಂದ.

ಬೆಟ್ಟದ ಬುಡದಲ್ಲಿ ಚಾಪೆ ಹಾಸಿ, ಬೇಯಿಸಿದ ಹಂದಿತಲೆಯನ್ನು ಎಡೆಯಾಗಿ ನಡುವೆ ಇಟ್ಟಿದ್ದರು. ಅಕ್ಕಿ ಕಡುಬು, ಒಣಮೀನು, ಮಕ್ಕೊಲ್ಲಿ. ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಈ ವರ್ಷ ಯಾರೂ ಬೀಳದಿರಲಿ ಎಂದು ತಾಕ್ ಹರಕೆ ಓದಿದ. ಎಲ್ಲರೂ ಅಡ್ಡಬಿದ್ದರು. ಜೆಪಿಲ್ ಒಂದೇ ಕೈ ಊರಿ ಅಡ್ಡಬಿದ್ದು, ಏಳಲಾರದೆ ಪಕ್ಕದವನ ಭುಜ ಹಿಡಿದ. ಅದನ್ನು ನೋಡಲಾಗದೆ ತಾಕ್‌ಗೆ ಒಂದು ಯೋಚನೆ ಬಂತು.

"ಜೆಪಿಲ್, ಸೈಕಲ್ ಮಾರ್ಬೇಡ. ಚುನ್‌ಬೊಕ್ ಅಣ್ಣನ ಹಿಂದಿನ ಟೈರು ಬಿಚ್ಚಿ ನಿಂಗೆ ಹಾಕ್ಕೊಡ್ತೀನಿ. ಹನ್ನೊಂದು ವರ್ಷದ ಕಸುವು ಅದ್ರಲ್ಲಿದೆ. ಆ ಕಸುವು ನಿಂಗೂ ಬರ್ಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚುನ್‌ಬೊಕ್ ಕೈಯಲ್ಲಿದ್ದ ಕಡುಬನ್ನು ತಟ್ಟೆಗೆ ಹಾಕಿದ.

"ಹಳೇ ಚಪ್ಪಲಿ ಕೊಡೋ ಹಾಗಾಗುತ್ತಪ್ಪಾ. ಹೊಸದೇ ಕೊಡಿಸ್ತೀನಿ ಬಿಡು."

"ಹೊಸದು ಬೇಡ ಅಣ್ಣಾ," ಅಂದ ಜೆಪಿಲ್. ತಿಂಗಳುಗಳಲ್ಲಿ ಮೊದಲ ಸಲ ಅವನ ಮುಖ ಅರಳಿತ್ತು. "ಅದೇ ಕೊಟ್ರೆ ಇನ್ನೊಂದ್ಸಲ ನೋಡ್ತೀನಿ."

ಯಾರಿಗೂ ಮುಟ್ಟಗೊಡದ ಆ ಸೈಕಲ್ಲನ್ನು ತಾಕ್ ಆಗಲೇ ತಲೆಕೆಳಗು ಮಾಡಿದ್ದ. ಎತ್ತುವಾಗ ಅದರ ಭಾರಕ್ಕೆ ಒಂದು ಸಲ ಹುಬ್ಬು ಗಂಟಿಕ್ಕಿದ. ಗಾಳಿ ಬಿಟ್ಟು, ಹೆಬ್ಬೆರಳಿನಿಂದ ಟೈರಿನ ಅಂಚನ್ನು ಒತ್ತಿದ. ತೆಳು ಟೈರು ಅಷ್ಟಕ್ಕೇ ಬಿಚ್ಚಿಕೊಳ್ಳಬೇಕು, ಇದು ಅಲುಗಲಿಲ್ಲ. ಮೀಟುಗೋಲು ಹಾಕಿದ, ಅದು ಮುರಿಯಿತು. ಇನ್ನಿಬ್ಬರು ಕೈಹಾಕಿದರು. ಕೊನೆಗೆ ಟೈರು ಗಕ್ಕನೆ ಕಿತ್ತು ಬಂದು, ಒಳಗೆ ತೂತು ಮುಚ್ಚಲು ಹಾಕಿದ್ದ ಬಿಳಿ ದ್ರವ ಹಂದಿಯ ಕೆನ್ನೆಗೆ ಸಿಡಿಯಿತು. ಹಿಂದೆಯೇ ಹಸಿರು ಫೋಮಿನ ದಪ್ಪ ಬಳೆಯೊಂದು ಹೊರಬಿದ್ದು ಚಾಪೆಯ ಮೇಲೆ ಒದ್ದಾಡಿ ಸುಮ್ಮನಾಯಿತು. ಬಂಡೆಯ ಏಟಿಗೆ ಹೆದರುವವರು ಟೈರಿನೊಳಗೆ ಇಡುವ ವಸ್ತು ಅದು.

ತಾಕ್ ಹಳದಿ ಅಕ್ಷರಗಳನ್ನು ಉಗುರಿನಿಂದ ಕೆರೆದ. ಬಣ್ಣ ಎದ್ದು ಬಂತು.

"ಅಣ್ಣಾ, ಇದು ಎರಡು ಪದರದ್ದು. ಅವತ್ತು ಅಂಗಡೀಲಿ ಜೆಪಿಲ್ ಕೈಯಲ್ಲಿತ್ತಲ್ಲ, ಅದೇ."

"ಹನ್ನೊಂದು ವರ್ಷ ಆಯ್ತಲ್ಲಪ್ಪಾ," ಅಂದ ಚುನ್‌ಬೊಕ್. "ಮರದ ಹಾಗೆ ವರ್ಷಾ ವರ್ಷಾ ದಪ್ಪ ಆಗಿದೆ."

ಯಾರೂ ನಗಲಿಲ್ಲ. ಜೆಪಿಲ್ ಬಗ್ಗಿ, ಬಲಗೈಯಿಂದ ಆ ಹಸಿರು ಬಳೆಯನ್ನು ಎತ್ತಿ ಹಿಂಡಿ ನೋಡಿದ.

"ಇದ್ಯಾಕಣ್ಣಾ ಒಳಗೆ?"

ಚುನ್‌ಬೊಕ್ ಚಾಪೆಯ ಅಂಚಿನಲ್ಲಿ ಕೂತ.

"ಹನ್ನೊಂದು ವರ್ಷ ಅನ್ನೋದು ಸುಳ್ಳು. ವರ್ಷಕ್ಕೊಂದು ಟೈರು ಬದಲಾಯಿಸ್ತೀನಿ, ಪಕ್ಕದೂರಿಗೆ ಹೋಗಿ. ಹಿಂದೆ ಒಂದ್ಸಲ ಒಬ್ಬನೇ ಬಂದಿದ್ದಾಗ ತೆಳು ಟೈರು ಸೀಳಿ ಬಿದ್ದೆ. ಕತ್ತಲಾಗೋವರೆಗೂ ಅಲ್ಲೇ ಅಳ್ತಾ ಕೂತಿದ್ದೆ. ಅವತ್ತಿಂದ ಬಂಡೆ ಕಂಡ್ರೆ ನಂಗೂ ಭಯ. ದಪ್ಪದ್ದು ಹಾಕಿ, ಅದರ ಮೇಲೆ ತೆಳು ಟೈರಿನ ಹೆಸರು ಬರ್ದೆ."

"ನಂಗ್ಯಾಕೆ ದಪ್ಪದ್ದನ್ನ ಬಿಡಿಸಿದ್ರಿ?"

"ನೀನು ಎಲ್ಲರ ಮುಂದೆ ಭಯ ಅಂದ್ಯಲ್ಲ. ನಂಗೆ ಹಾಗೆ ಅನ್ನೋಕಾಗಿರ್ಲಿಲ್ಲ. ಸಿಟ್ಟು ಬಂತು."

ಜೆಪಿಲ್ ಫೋಮನ್ನು ಕೆಳಗಿಟ್ಟ. "ಸರಿ ಬಿಡಿ ಅಣ್ಣಾ," ಅಂದ, "ಸೀಳುತ್ತೆ ಅಂತ ನಿಮಗೇನು ಗೊತ್ತಿತ್ತಾ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಇಲ್ಲ ಅಂದಿದ್ದರೆ ಜೆಪಿಲ್ ಕ್ಷಮಿಸಿಬಿಡುತ್ತಿದ್ದ.

"ಗೊತ್ತಿತ್ತು," ಅಂದ ಚುನ್‌ಬೊಕ್. "ನೀನು ಬಿದ್ದ ದಿನ ಶಿಖರದಲ್ಲಿ ನೀವೆಲ್ಲ ಸೌತೆಕಾಯಿ ತಿಂತಿದ್ರಿ. ನಿನ್ನ ಸೈಕಲ್ಲು ಮರಕ್ಕೆ ಒರಗಿತ್ತು. ಹಿಂದಿನ ಟೈರು ಪಕ್ಕದಲ್ಲಿ ನೂಲು ಕಾಣೋ ಅಷ್ಟು ಹರಿದಿತ್ತು. ಹೇಳಿದ್ರೆ ನೀನು ನಡ್ಕೊಂಡು ಇಳೀತಿದ್ದೆ, ಆಮೇಲೆ ಇವರೆಲ್ಲ ನನ್ನ ಟೈರು ಹೇಗಿದೆ ಅಂತ ನೋಡೋಕೆ ಬರ್ತಿದ್ರು. ಯಾರಿಗೂ ಕಾಣದ ಹಾಗೆ ಚಕ್ರ ತಿರುಗ್ಸಿ, ಆ ಹರಿದಿದ್ದನ್ನ ತರಗೆಲೆ ಒಳಗೆ ಮಾಡಿ ಇಟ್ಟೆ."