ಮೂವತ್ತನಾಲ್ಕು ಬಾಗಿಲು

ಮೂವತ್ತಮೂರು ಫಲಕಗಳು ಗೋಡೆ ಸೇರಿಯಾಗಿತ್ತು. ಕೊನೆಯದನ್ನು ಹಿಡಿದು ವದಾದ್ ಉಮ್ ಲುವಾಯ್‌ಳ ಮನೆ ಮುಂದೆ ಕಾರು ನಿಲ್ಲಿಸಿದಾಗ ಮಂಗಳವಾರ ಬೆಳಗಿನ ಹತ್ತು ಗಂಟೆ.

ಅಂಗೈಯಗಲದ ನೀಲಿ ತಗಡು. ಮೇಲೆ ಯುರೋಪಿನ ಸರ್ಕಾರವೊಂದರ ಲಾಂಛನ, ಕೆಳಗೆ ಅರಬ್ಬಿಯಲ್ಲಿ ಒಂದು ಸಾಲು: ‘ಈ ಮನೆ ನಿರಾಶ್ರಿತರ ವಸತಿ ನೆರವಿನಿಂದ ದುರಸ್ತಿಯಾಗಿದೆ.’ ಲೆಬನಾನಿನ ಐನ್ ತೂತ ಊರಿನಲ್ಲಿ ಅರ್ಧಕ್ಕೆ ನಿಂತ ಮನೆಗಳಿಗೆ ಬಾಗಿಲು, ಕಿಟಕಿ, ನಲ್ಲಿ ಹಾಕಿಸಿಕೊಡುವುದು ವದಾದಳ ಸಂಸ್ಥೆಯ ಕೆಲಸ. ಅದಕ್ಕೆ ಬದಲಾಗಿ ಮನೆಯ ಒಡೆಯ ಒಂದು ಸಿರಿಯನ್ ಕುಟುಂಬವನ್ನು ವರ್ಷವಿಡೀ ಬಾಡಿಗೆಯಿಲ್ಲದೆ ಇರಗೊಡಬೇಕು. ಹಣ ಕೊಡುವ ಸರ್ಕಾರ ಒಂದು ಷರತ್ತು ಹಾಕಿತ್ತು. ಪ್ರತಿ ಬಾಗಿಲ ಪಕ್ಕ ಫಲಕ, ಪ್ರತಿ ಫಲಕಕ್ಕೊಂದು ಫೋಟೊ. ಬುಧವಾರ ಸಂಜೆಯೊಳಗೆ ಫೋಟೊಗಳು ಬೈರೂತಿನ ಕಚೇರಿಗೆ ತಲುಪದಿದ್ದರೆ ಎರಡನೆಯ ಕಂತು ಇಲ್ಲ. ಕಂತು ನಿಂತರೆ ಒಡೆಯರು ಒಬ್ಬರನ್ನೂ ಇಟ್ಟುಕೊಳ್ಳುವುದಿಲ್ಲ.

ಉಮ್ ಲುವಾಯ್ ಫಲಕವನ್ನು ತಿರುಗಿಸಿ ನೋಡಿದಳು. ಸಿರಿಯಾದ ಕುಸೈರಿನಿಂದ ಬಂದು ಹನ್ನೊಂದು ವರ್ಷವಾದ ಹೆಂಗಸು, ನಾಲ್ಕು ಮಕ್ಕಳ ತಾಯಿ; ವದಾದಳನ್ನು ಮರ್ಯಾದೆಗೆ ‘ಸಿತ್’ ಎಂದೇ ಕರೆಯುತ್ತಿದ್ದಳು.

"ಸಿತ್ ವದಾದ್, ಇದನ್ನ ಒಳಗೆ ಹೊಡೀರಿ. ಒಲೆ ಮೇಲ್ಗಡೆ. ದಿನಾ ನೋಡ್ತಾ ಅವರಿಗೆ ದುವಾ ಮಾಡ್ತೀನಿ."

"ಹೊರಗೇ ಇರ್ಬೇಕಂತೆ. ಕಾಣೋ ಹಾಗೆ."

"ಯಾರಿಗೆ ಕಾಣ್ಬೇಕು? ಆ ದೇಶದವರಿಗೆ ಅಲ್ಲಿಂದಾನೇ ನನ್ನ ಬಾಗಿಲು ಕಾಣುತ್ತಾ?"

ವದಾದ್ ನಗಲಿಲ್ಲ. ಭಾನುವಾರ ಊರಿನ ಪೆಟ್ರೋಲ್ ಬಂಕಿನ ಮಾಲೀಕನ ಶವ ಕಾಲುವೆಯಲ್ಲಿ ಸಿಕ್ಕಿತ್ತು. ಕೊಂದವರು ಯಾರೆಂದು ಪೊಲೀಸರು ಇನ್ನೂ ಹೇಳಿರಲಿಲ್ಲ, ಊರು ಮಾತ್ರ ಸಿರಿಯನ್ನರೇ ಎಂದು ಹೇಳಿಯಾಗಿತ್ತು. ಅಂದಿನಿಂದ ಉಮ್ ಲುವಾಯ್ ಮಕ್ಕಳನ್ನು ಶಾಲೆಗೆ ಕಳಿಸಿರಲಿಲ್ಲ, ಗಂಡ ಕೆಲಸಕ್ಕೆ ಹೋಗಿರಲಿಲ್ಲ.

ನಾಲ್ಕನೆಯ ತಿರುಪು ಬಿಗಿಯುವಾಗ ಹಿಂದೆ ಸ್ಕೂಟರ್ ನಿಂತಿತು. ಪುರಸಭೆಯ ಪೊಲೀಸ್ ಫೌಜಾತ್, ವದಾದಳ ಜೊತೆ ಓದಿದವನು.

"ಏನಮ್ಮಾ, ಇದೇ ಕೊನೇದಾ? ಕೈ ನೋವಾಗಿರ್ಬೇಕು, ಪಾಪ."

"ನಿನ್ನ ಕೆಲಸ ನೋಡ್ಕೋ ಹೋಗೋ."

"ನನ್ನ ಕೆಲಸಾನೂ ನೀನೇ ಮಾಡಿದೀಯಲ್ಲ! ಇವರು ಎಲ್ಲೆಲ್ಲಿದಾರೆ ಪಟ್ಟಿ ಮಾಡು ಅಂದ್ರು ಅಧ್ಯಕ್ಷರು. ಪಟ್ಟಿ ಯಾಕೆ ಸ್ವಾಮಿ, ಗೋಡೆ ಮೇಲೇ ಇದೆಯಲ್ಲ, ಕಣ್ಣಿದ್ದೋರು ನೋಡ್ಕೊಳ್ಳಿ ಅಂದೆ."

"ನೋಡ್ಕೊಂಡು?"

"ನಾನೇನೂ ಹೇಳ್ಲಿಲ್ಲಪ್ಪ." ಅವನು ನಕ್ಕ. "ಗುರುವಾರ ಬಂಕಿನವನನ್ನ ಮಣ್ಣು ಮಾಡ್ತಾರೆ. ಹುಡುಗರ ತಲೆ ಬಿಸಿಯಾಗಿದೆ. ನೀನು ಯಾಕೆ ಹೆದರ್ತೀಯಾ, ನೀನು ನಮ್ಮೂರ ಮಗಳು."

ಸ್ಕೂಟರ್ ತಿರುವು ದಾಟಿತು. ಉಮ್ ಲುವಾಯ್ ಬಾಗಿಲ ಹಿಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ವದಾದ್ ಕಾರಿನಲ್ಲಿ ಕೂತು ಬೈರೂತಿನ ಮ್ಯಾನೇಜರಿಗೆ ಫೋನ್ ಮಾಡಿದಳು. "ಸಾರ್, ಫೋಟೊ ತೆಗೆದ ಮೇಲೆ ಫಲಕ ಬಿಚ್ಚಿಬಿಟ್ರೆ?"

ಆ ಕಡೆ ಮ್ಯಾನೇಜರ್ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. "ನೀವು ಇದನ್ನ ಕೇಳಿಲ್ಲ, ನಾನು ಕೇಳಿಸ್ಕೊಂಡಿಲ್ಲ. ಫೋಟೊ ಮಾತ್ರ ಮಸುಕಾಗದ ಹಾಗೆ ನೋಡ್ಕೊಳ್ಳಿ."

ಅವಳು ಆಗಲೇ ಸ್ಕ್ರೂಡ್ರೈವರ್ ಹಿಡಿದು ಇಳಿದಳು. ಫೋಟೊ ತೆಗೆಯುವುದು, ತಿರುಪು ಬಿಚ್ಚುವುದು, ತೂತಿಗೆ ಸಿಮೆಂಟು ಮೆತ್ತುವುದು. ಮಂಗಳವಾರ ಹತ್ತೊಂಬತ್ತು ಮನೆ ಮುಗಿದವು. ಬುಧವಾರ ಮಧ್ಯಾಹ್ನ ಮೂರಕ್ಕೆ ಉಳಿದ ಹದಿನೈದೂ ಮುಗಿದು, ಫೋಟೊಗಳು ಕಚೇರಿ ಸೇರಿದವು. ಎರಡನೆಯ ಕಂತಿಗೆ ಇನ್ನು ತೊಂದರೆಯಿಲ್ಲ ಎಂದು ಮ್ಯಾನೇಜರ್ ಸಂದೇಶ ಕಳಿಸಿದ. ಊರಿನ ಯಾವ ಗೋಡೆಯ ಮೇಲೂ ಈಗ ನೀಲಿ ತಗಡಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಮೊದಲು ಕಂಡದ್ದು ಬೇಕರಿಯ ಬಾಗಿಲಲ್ಲಿ ಕಟ್ಟಿದ ದೇಶದ ಬಾವುಟ. ನಾಳೆಯ ಶವಯಾತ್ರೆಗೆಂದುಕೊಂಡಳು. ಆಮೇಲೆ ಔಷಧಿ ಅಂಗಡಿ. ಅದರಾಚೆ ಸಾಲಾಗಿ ಮನೆಗಳು, ಒಂದೂ ಬಿಡದೆ. ಎಲ್ಲ ಬಾವುಟಗಳೂ ಒಂದೇ ಅಳತೆ, ಒಂದೇ ಹೊಸ ಬಟ್ಟೆ. ಅವಳ ಮನೆಯ ಬಾಗಿಲಲ್ಲೂ ಒಂದಿತ್ತು.

ತಾಯಿ ವರಾಂಡದಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು.

"ಇದ್ಯಾರು ಕಟ್ಟಿದ್ದು?"

"ನಾನೇ. ಫೌಜಾತ್ ತಂದ್ಕೊಟ್ಟ. ನಮ್ಮವರ ಮನೆಗೆಲ್ಲ ಒಂದೊಂದು, ಕತ್ತಲಾಗೋದ್ರೊಳಗೆ ಕಟ್ಬೇಕಂತೆ." ತಾಯಿ ದನಿ ತಗ್ಗಿಸಿದಳು. "ಯಾರೋ ಆ ಫಲಕ ಎಲ್ಲಾ ಕಿತ್ಹಾಕಿದಾರಂತೆ. ಗುರುತು ಸಿಗ್ದೆ ಹುಡುಗರು ತಪ್ಪಿ ನಮ್ಮಂಥವರ ಬಾಗಿಲಿಗೆ ಬಂದ್ಬಿಟ್ರೆ? ಅದಕ್ಕೇ ಇದು."

"ಇನ್ನೊಂದು ಇದೆಯಾ?"

"ಮನೆಗೊಂದೇ. ಸಹಿ ಮಾಡಿಸ್ಕೊಂಡು ಕೊಟ್ಟ."

ವದಾದ್ ಬಾವುಟದ ಗಂಟಿಗೆ ಕೈ ಹಾಕಿದಳು.

"ಹುಚ್ಚಾ ನಿಂಗೆ?" ತಾಯಿ ಎದ್ದು ನಿಂತಳು. ಮಡಿಲಿನ ಬೀನ್ಸ್ ನೆಲದ ಮೇಲೆ ಚೆಲ್ಲಿತು. "ಬಿಚ್ಚಿದ್ರೆ ನಾವು ಯಾರು ಅಂದ್ಕೋತಾರೆ?"

ಒಂದು ಗಂಟು ಬಿಚ್ಚಿತ್ತು, ಇನ್ನೊಂದು ಉಳಿದಿತ್ತು. ಆಗ ಫೋನ್ ರಿಂಗಾಯಿತು.

"ಸಿತ್ ವದಾದ್," ಉಮ್ ಲುವಾಯ್‌ಳ ದನಿ. "ಎದುರು ಮನೇಲಿ ಬಾವುಟ ಕಟ್ಟಿದಾರೆ, ಪಕ್ಕದ ಮನೇಲೂ. ಏನಾದ್ರೂ ಹಬ್ಬವಾ? ನಾವೂ ಕಟ್ಬೇಕಾ? ಅಂಗಡಿಯವನನ್ನ ಕೇಳಿದ್ರೆ ನಿಮಗೆ ಇಲ್ಲ ಅಂದ."

"ಮಕ್ಕಳೆಲ್ಲಿ?"

"ಒಳಗಿದಾರೆ."

"ಕಾಲಿಗೆ ಶೂ ಹಾಕ್ಸಿ. ಕಾಗದಪತ್ರ ಕೈಲಿ ಇಟ್ಕೊಳ್ಳಿ. ಬೇರೇನೂ ಬೇಡ. ಬರ್ತಿದೀನಿ."

"ಎಲ್ಲಿಗೆ ಹೋಗೋದು?"

ಅದು ವದಾದಳಿಗೂ ಗೊತ್ತಿರಲಿಲ್ಲ. "ಬಾಗಿಲು ಹಾಕ್ಕೊಂಡಿರಿ," ಎಂದಷ್ಟೇ ಹೇಳಿ ಕಾರು ಹಿಂದಕ್ಕೆ ತೆಗೆದಳು. ತಾಯಿ ಬಾಗಿಲ ಹತ್ತಿರ ಹೋಗಿ, ಬಿಚ್ಚಿದ ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದಳು.

ಕಾರಿನಲ್ಲಿ ಅವಳನ್ನು ಬಿಟ್ಟರೆ ನಾಲ್ಕು ಜನಕ್ಕೆ ಜಾಗ. ಉಮ್ ಲುವಾಯ್‌ಳ ಮನೆಯಲ್ಲೇ ಆರು ಜನ. ಅದಾದ ಮೇಲೆ ಮೂವತ್ತಮೂರು ಬಾಗಿಲು. ಕತ್ತಲಾಗಲು ಇನ್ನು ಎರಡೂವರೆ ಗಂಟೆಯಿತ್ತು.