ಮಳೆರಾಯನಿಗೊಂದು ಚೊಂಬು ನೀರು

ಎರಡನೇ ಬಿಂದಿಗೆ ಇನ್ನೂ ತುಂಬಿರಲಿಲ್ಲ, ಬೀದಿಯ ತಿರುವಿನಲ್ಲಿ ತಮಟೆ ಕೇಳಿಸಿತು. ಇಂದ್ರಾಣಿ ತಲೆ ಎತ್ತಿದಳು. ಅಪರೂಪಕ್ಕೆ ಬರುವ ನಲ್ಲಿನೀರು, ಬಿಟ್ಟೇಳುವ ಹೊತ್ತಲ್ಲ. ಆದರೆ ಬರುತ್ತಿದ್ದವನು ಮಳೆರಾಯ. ಹಲಗೆಯ ಮೇಲೆ ಜೇಡಿಮಣ್ಣಿನ ಗೊಂಬೆ, ಅದರ ನೆತ್ತಿಗೆ ಗರಿಕೆ. ಹಲಗೆ ಹೊತ್ತ ಮಕ್ಕಳ ದಂಡಿನ ಮುಂದೆ ತಮಟೆ ಬಡಿಯುತ್ತ ಮುದುಕ ಬಚ್ಚಪ್ಪ. ಜೂನ್ ಮುಗಿಯುತ್ತ ಬಂದಿದ್ದರೂ ಬಂಗಾರಪೇಟೆಯ ಸುತ್ತಿನ ಹೊಲಗಳಿಗೆ ಗಾಳಿ ಬಿಟ್ಟರೆ ಬೇರೇನೂ ಬಂದಿರಲಿಲ್ಲ. ಇಂಥ ಹೊತ್ತಿನಲ್ಲಿ, ಕುಡಿಯಲು ನೀರಿಲ್ಲದ ಮನೆಯವರೂ ಮಳೆರಾಯನ ತಲೆಗೆ ಒಂದು ಚೊಂಬು ಹುಯ್ಯದೆ ಕಳಿಸುವುದಿಲ್ಲ.

"ಇಂದ್ರಾಣಿ, ತಕ್ಕೊಂಬಾರೇ ನೀರು!" ಎಂದು ಅತ್ತೆ ಮುನಿಯಮ್ಮ ಮೊರದಲ್ಲಿ ರಾಗಿ ಹಿಡಿದು ಹೊರಗೆ ಬಂದರು.

ಇಂದ್ರಾಣಿ ಚೊಂಬು ಎತ್ತಿದಳಷ್ಟೇ. ಒಳಗಿನಿಂದ ಓಡಿಬಂದ ಲಿಖಿತ ಅಮ್ಮನ ಕೈಗೆ ಜೋತುಬಿದ್ದಳು. ಚೊಂಬು ಓರೆಯಾಗಿ ನೀರೆಲ್ಲ ನೆಲ ಕುಡಿಯಿತು.

"ಬ್ಯಾಡ! ಉಯ್ಯಬ್ಯಾಡ ಅವನಿಗೆ!"

ತಮಟೆ ನಿಂತಿತು. ಮಕ್ಕಳು ಬಾಯಿ ಬಿಟ್ಟು ನೋಡಿದರು. ಆಮೇಲೆ ಒಬ್ಬಳು ಕೂಗಿದಳು, "ಏಯ್, ಲಿಖಿತ ಮಳೆಗಳ್ಳಿ ಕಣ್ರೋ!"

"ಅಯ್ಯೋ ನಿನ್ನ ಮನೆ ಕಾಯ್ವೋಗ!" ಮುನಿಯಮ್ಮ ಮೊಮ್ಮಗಳನ್ನು ಹಿಂದಕ್ಕೆಳೆದರು. "ಮಳೆರಾಯಂಗೆ ನೀರಿಲ್ಲ ಅಂದ ಮನೆ ಎಲ್ಲಾದ್ರೂ ಐತೇನೇ?"

ಬಚ್ಚಪ್ಪ ನಕ್ಕ. "ಬಿಡು ಮುನಿಯಕ್ಕಾ. ಬೇಡಿಕೊಂಡು ಬೇಡಿಕೊಂಡು ನಮಗೂ ಸಾಕಾಗೈತೆ. ಇವಳು ಬೈದು ಕಳಿಸವ್ಳೆ, ಸಿಟ್ಟಿಗಾದ್ರೂ ಸುರೀತಾನೇನೋ ನೋಡಾನ."

ಮುನಿಯಮ್ಮನೇ ಇನ್ನೊಂದು ಚೊಂಬು ಮೊಗೆದು ಗೊಂಬೆಯ ಮೇಲೆ ಹುಯ್ದು, ರಾಗಿ ಕೊಟ್ಟು ಕೈಮುಗಿದರು. ದಂಡು ಮುಂದೆ ಹೋಯಿತು. ಲಿಖಿತ ಕಲ್ಲುಕಂಬಕ್ಕೆ ಒರಗಿ, ಆ ಒದ್ದೆ ಗೊಂಬೆ ಕಣ್ಮರೆಯಾಗುವವರೆಗೂ ನೋಡುತ್ತ ನಿಂತಳು. ಇಂದ್ರಾಣಿ ಬೈಯಲಿಲ್ಲ. ಬಿಂದಿಗೆಯನ್ನು ಮತ್ತೆ ನಲ್ಲಿಗೆ ಹಿಡಿದಳು. ಯಾಕೆಂದು ಕೇಳುವ ಅಗತ್ಯವಿರಲಿಲ್ಲ.

ಮಳೆ ಬಂದರೆ ಅಮ್ಮ ಹೋಗುತ್ತಾಳೆ. ಎಂಟು ವರ್ಷದ ಹುಡುಗಿಗೆ ಮಳೆಯೆಂದರೆ ಅಷ್ಟೇ.

ಊರಿನ ಹಸುಗೂಸುಗಳಿಗೆಲ್ಲ ಎಣ್ಣೆ ಹಚ್ಚಿ ಎರೆಯುತ್ತಿದ್ದ ಕೈ ಇಂದ್ರಾಣಿಯದು. ಆ ಕೈಯನ್ನು ನೋಡಿ, ಉರಿಗಾಂ ಗಣಿಕಾರ್ಮಿಕರ ಲೈನಿನ ಸೆಲ್ವಿ ಅವಳನ್ನು ಪಾಲಕ್ಕಾಡಿನ ಆಚೆಯ ಒಂದು ಆಯುರ್ವೇದ ಚಿಕಿತ್ಸಾಲಯಕ್ಕೆ ಕರೆದೊಯ್ದು ಕೆಲಸ ಕಲಿಸಿದ್ದಳು. ಮಳೆಗಾಲದ ತಂಪಿನಲ್ಲಿ ಮೈ ಸಡಿಲಾಗುತ್ತದೆ, ಹಚ್ಚಿದ ಎಣ್ಣೆ ಒಳಗಿಳಿಯುತ್ತದೆ ಎಂದು ಅಲ್ಲಿಯ ವೈದ್ಯರ ನಂಬಿಕೆ. ಅದಕ್ಕೇ ಜನ ವಿಮಾನ ಹತ್ತಿ ಮಳೆಯನ್ನು ಹುಡುಕಿಕೊಂಡು ಬರುತ್ತಾರೆ. ಮಳೆ ಹಿಡಿದರೆ ಕೋಣೆಗಳು ತುಂಬುತ್ತವೆ, ಕೋಣೆಗಳು ತುಂಬಿದರೆ ಇಂದ್ರಾಣಿಗೆ ಕರೆ ಬರುತ್ತದೆ. ಮತ್ತೆ ಅವಳು ಮನೆ ಸೇರುವುದು ದೀಪಾವಳಿಗೆ. ಗಂಡ ಅಂಬರೀಶ್ ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗಿ, ಮಗಳು ಮಲಗಿದ ಮೇಲೆ ಬರುವವನು. ಅಷ್ಟು ತಿಂಗಳು ಲಿಖಿತಳಿಗೆ ಅಜ್ಜಿಯೇ ಎಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಅಲ್ಲಿ ಹೆಂಚಿನ ಮೇಲೆ ಮಳೆಯ ಸದ್ದು. ಹೋದ ವರ್ಷ ಮಗಳು ಕೂಗಿ ಕೂಗಿ ಕೊನೆಗೆ ಸುಮ್ಮನಾಗಿಬಿಟ್ಟಿದ್ದಳು. ಇಂದ್ರಾಣಿ ಆ ಸುಮ್ಮನಿರುವಿಕೆಯನ್ನು ಬಹಳ ಹೊತ್ತು ಕಿವಿಗೆ ಹಿಡಿದುಕೊಂಡೇ ಕೂತಿದ್ದಳು.

ಈ ವರ್ಷ ಅಲ್ಲಿಯೂ ಮಳೆ ತಡ. ಸೆಖೆಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳಲು ಯಾರೂ ಬರಲೊಲ್ಲರು. ಬರಬೇಕಾದವರೆಲ್ಲ ಮುಂದಕ್ಕೆ ಹಾಕಿದ್ದರು. ಬಿಸಿಲು ಹೀಗೆ ಬಿಟ್ಟುಕೊಟ್ಟ ದಿನಗಳನ್ನು ಲಿಖಿತ ಅಮ್ಮನ ಸೆರಗು ಬಿಡದೆ ಕಳೆದಳು. ಏನನ್ನೋ ಕೇಳಲು ಬಾಯಿ ತೆರೆದು, ಆಮೇಲೆ "ಏನಿಲ್ಲ" ಎನ್ನುವಳು. ದಿನಕ್ಕೆ ಹತ್ತು ಸಲ ಹಾಗೆ. ತಾನಾಗಿ ಹೇಳಲಿ ಎಂದು ಇಂದ್ರಾಣಿ ಕಾದಿದ್ದಳು.

ಮುದ್ದೆಗೆ ಎಸರಿಟ್ಟ ಹೊತ್ತಿಗೆ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಸೆಲ್ವಿ ಹೆಲ್ಮೆಟ್ ಕೂಡ ತೆಗೆಯದೆ ಕೂಗಿದಳು.

"ಇಂದ್ರಾಣಕ್ಕಾ! ಅಲ್ಲಿ ಬಂದ್‌ಬಿಡ್ತಕ್ಕಾ ಮಳೆ! ನಿನ್ನೆಯಿಂದ ಒಂದೇ ಸಮ ಉಯ್ತಾ ಐತಂತೆ. ಸಾರ್ ಫೋನ್ ಮಾಡಿದ್ರು. ನಾಳೆ ಸಾಯಂಕಾಲ ಬಂಗಾರಪೇಟೇಲಿ ಗಾಡಿ ಅತ್ತಬೇಕು."

"ಇಷ್ಟು ಬೇಗನಾ?"

"ಬೇಗನಾ? ಜನಕ್ಕೆ ಮಳೆ ಬಿದ್ರೇನೇ ಅಕ್ಕಾ ಸೊಂಟ ನೋವು ಗ್ಯಾಪಕ ಬರೋದು! ಎಲ್ಲಾ ರೂಮೂ ಫುಲ್ ಅಂತೆ."

ಇಂದ್ರಾಣಿಯ ಎದೆಯೊಳಗೆ ಏನೋ ಹಗುರಾಗಿ ಎದ್ದಿತು. ಬೇಡವೆಂದರೂ ಎದ್ದಿತು. ಕಿಟಕಿಯ ಪಕ್ಕದ ತನ್ನ ಮಂಚ ಕಣ್ಣಿಗೆ ಬಂತು, ಕಿಟಕಿಯಾಚೆಯ ಬೆಟ್ಟ, ತಿರುಗಿಸಿದರೆ ಸಾಕು ನೀರು ಬರುವ ನಲ್ಲಿ. ಸಂಜೆ ಕೆಲಸ ಮುಗಿದ ಮೇಲೆ ಯಾರೂ ಯಾವುದಕ್ಕೂ ಕರೆಯದ ಒಂದು ತಾಸು. ಅಲ್ಲಿರುವಾಗ ಆ ತಾಸಿನಲ್ಲೇ ಅವಳು ಮಗಳನ್ನು ನೆನೆದು ಅಳುತ್ತಿದ್ದುದು. ಆದರೂ ಅದು ಅವಳದೇ ತಾಸು. ತುಟಿ ಅರಳಿತ್ತು. ಅರಳಿದ್ದು ಗೊತ್ತಾಗಿ ಮುಖ ತಿರುಗಿಸಿದರೆ, ಅಡುಗೆಮನೆಯ ಬಾಗಿಲಲ್ಲಿ ಲಿಖಿತ ನಿಂತಿದ್ದಳು.

ಮಧ್ಯಾಹ್ನ ಮುನಿಯಮ್ಮ ಅಡ್ಡಾಗಿದ್ದರು. ಹೊರಗೆ ಗಾಳಿ ಬೀದಿಯ ಧೂಳನ್ನೆಲ್ಲ ಎತ್ತಿ ಸುರುವುತ್ತಿತ್ತು. ಇಂದ್ರಾಣಿ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಲಿಖಿತ ಎದುರು ಕೂತು ಕುಪ್ಪಸಗಳನ್ನು ಮಡಿಸಿ ಮಡಿಸಿ ಕೊಟ್ಟಳು.

"ಬಂಗಾರಿ, ಆ ಮಳೆನೇ ಬ್ಯಾರೆ, ಈ ಮಳೆನೇ ಬ್ಯಾರೆ. ನಮ್ಮ ಮಳೆರಾಯಂಗೆ ನೀರು ಉಯ್ದಿದ್ಕೇನೂ ಅಲ್ಲ ಅಲ್ಲಿ ಮಳೆ ಬಂದಿದ್ದು. ಅಜ್ಜಿ ಮೇಲೆ ಸಿಟ್ಟಿಟ್ಕೋಬ್ಯಾಡ."

"ಗೊತ್ತು."

"ದೀಪಾವಳಿಗೆ ಬಂದ್‌ಬಿಡ್ತೀನಿ."

"ಗೊತ್ತಮ್ಮ."

ಯಾವಾಗ ಬರುತ್ತೀ, ನನ್ನನ್ನೂ ಕರೆದುಕೊಂಡು ಹೋಗುತ್ತೀಯಾ, ಹೋಗಲೇಬೇಕಾ. ಈ ಮೂರಕ್ಕೂ ಇಂದ್ರಾಣಿ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. ವರ್ಷವರ್ಷವೂ ಹೇಳಿ ನುಣುಪಾದ ಉತ್ತರಗಳು.

ಲಿಖಿತ ಮಡಿಸುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಾಯಿ ತೆರೆದಳು, ಮುಚ್ಚಿದಳು. ಇಂದ್ರಾಣಿ ಚೀಲದ ಜಿಪ್ಪು ಬಿಟ್ಟು ಕಾದಳು. ಈ ಸಲ ಮಗಳು "ಏನಿಲ್ಲ" ಎನ್ನಲಿಲ್ಲ. ಅಮ್ಮನ ಮುಖವನ್ನು ನೇರವಾಗಿ ನೋಡಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ತಿಳಿದುಕೊಳ್ಳಬೇಕು, ಅಷ್ಟೇ.

"ಅಮ್ಮಾ, ಅಲ್ಲಿ ಮಳೆ ಬಂತು ಅಂತ ಸೆಲ್ವಿ ಆಂಟಿ ಏಳ್ದಾಗ ನಿಂಗೆ ಖುಷಿ ಆಯ್ತಾ?"