ನಡುಮನೆಯ ಸವತಿ

"ತಂತಿ ಕಟ್ಟಿದ ಮಾರನೇ ದಿನ ಇದು ಈ ಮನೇಲಿರಲ್ಲ. ಮಾತು ಅಂದ್ರೆ ಮಾತು ಕಣೇ" ಎಂದು ವಾದ್ಯ ಮಾಡುವವನು ಹೆಂಡತಿಯ ಕೈಮೇಲೆ ಕೈಯಿಟ್ಟು ಹೇಳಿದಾಗ ಅವರ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಈಗ ಆ ಮಗಳಿಗೇ ಒಬ್ಬ ಮಗಳಿದ್ದಾಳೆ.

ಅಂದು ನಡುಮನೆಯಲ್ಲಿದ್ದದ್ದು ಬರೀ ಹಲಗೆಗಳು. ಬರಬರುತ್ತಾ ಅವಕ್ಕೆ ಪಿಟೀಲಿನ ಆಕಾರ ಬಂತು. ಆದರೆ ಆನೆಗೆಂದು ಮಾಡಿಸಿದ ಪಿಟೀಲು. ನಿಲ್ಲಿಸಿದರೆ ತಲೆ ಸೂರು ಮುಟ್ಟುತ್ತಿತ್ತು, ನುಡಿಸುವವನು ಸ್ಟೂಲು ಹತ್ತಬೇಕಿತ್ತು. ಊರವರ ಮುರುಕು ವಾದ್ಯಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆದು, ಮಿಕ್ಕ ಹೊತ್ತಿನಲ್ಲಿ ಅವನು ಇದಕ್ಕೆ ಕೈಹಾಕುತ್ತಿದ್ದ. ಅಂಟು ಕಾಯಿಸುವುದಕ್ಕೆ ಹೆಂಡತಿಯ ಒಲೆಯೇ ಆಗಬೇಕು. ಅವಳು ಅದಕ್ಕೆ 'ಸವತಿ' ಎಂದು ಹೆಸರಿಟ್ಟಳು. "ನನ್ನ ಸವತಿಗೆ ಇವತ್ತೇನು ಉಪಚಾರ?" ಎಂದು ಕೇಳಿಯೇ ಒಲೆ ಬಿಟ್ಟುಕೊಡುತ್ತಿದ್ದಳು.

ಈಚೆಗೆ ಅವನ ಕಿವಿ ಮಂದವಾಗುತ್ತ ಬಂದಿತ್ತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಫೋನಿನ ಗಂಟೆ, ಆಮೇಲೆ ಹೆಂಡತಿ. ಅವಳದು ಮೊದಲೇ ಕೀರಲು ದನಿ. ಅಡುಗೆಮನೆಗೆ ಒತ್ತಿಕೊಂಡ ಶೆಡ್ಡಿನಲ್ಲಿ ಕೂತವನನ್ನು ಊಟಕ್ಕೆ ಕರೆಯಲು ತಟ್ಟೆ ಬಡಿದರೂ ತಲೆ ಎತ್ತುತ್ತಿರಲಿಲ್ಲ. ಹೋಗಿ ಭುಜ ಅಲುಗಿಸಬೇಕು, ಅವನು ಬೆಚ್ಚಿಬೀಳಬೇಕು. "ತಗ್ಗಿನ ಸ್ವರಗಳು ಉಳಿದಿವೆ" ಎಂದು ಡಾಕ್ಟರು ಹೇಳಿದ್ದರು. ಅವರು ಕೊಟ್ಟ ಯಂತ್ರದಲ್ಲಿ ಎಲ್ಲರೂ ಡಬ್ಬದೊಳಗಿಂದ ಮಾತಾಡಿದಂತೆ ಕೇಳುತ್ತದೆಂದು ಅವನು ಅದನ್ನು ಕಪಾಟಿಗೆ ಸೇರಿಸಿದ್ದ.

ನಿನ್ನೆ ತಂತಿ ಬಿಗಿದ ಮೇಲೆ ಅವನು ಕೆನ್ನೆಯನ್ನು ಮರಕ್ಕೊತ್ತಿ ಬಹಳ ಹೊತ್ತು ನಿಂತಿದ್ದ. ಕೆಲಸ ಮುಗಿದ ಸಮಾಧಾನ ಎಂದು ಹೆಂಡತಿ ಅಂದುಕೊಂಡಿದ್ದಳು.

ಇವತ್ತು ಬೆಳಿಗ್ಗೆ ಸಂಗೀತ ಭವನದ ಮೇಸ್ತ್ರಿ ಲಾರಿ ತಗೊಂಡು ಆಳುಗಳೊಂದಿಗೆ ಬಂದ. ವಾದ್ಯವನ್ನು ಅಲ್ಲಿ ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಟೇಪು ಹಿಡಿದು ಬಾಗಿಲು ಅಳೆದ, ಮನೆಯೊಳಗಿನ ಓಣಿ ಅಳೆದ, ತಲೆ ಕೆರೆದುಕೊಂಡ.

"ಈ ತಿರುವಲ್ಲಿ ತಿರುಗಲ್ಲ ಯಜಮಾನ್ರೇ. ಈ ಗೋಡೆ ಯಾಕೆ ಇಲ್ಲಿ ಬಂತು?"

ಅದು ಬಚ್ಚಲುಮನೆಯ ಗೋಡೆ. ಮಗಳು ದೊಡ್ಡವಳಾದಾಗ ಮನೆಯೊಳಗೇ ಬಚ್ಚಲು ಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ವಾದ್ಯ ಸಾಗಿಸಲು ತಾನೇ ಅಳೆದಿಟ್ಟಿದ್ದ ದಾರಿಗೆ ಅಡ್ಡಲಾಗಿ ಅವನೇ ಇಟ್ಟಿಗೆ ಜೋಡಿಸಿದ್ದ.

"ಗೋಡೆ ಎಬ್ಬಿಸೋವಾಗ ಬುದ್ಧಿ ಎಲ್ಲಿಟ್ಟಿದ್ರಿ?" ಅವಳು ಅವನ ಕಿವಿಗೇ ಬಾಯಿಟ್ಟು ಕೂಗಿದಳು.

"ನಿನ್ನ ಬಚ್ಚಲಲ್ಲಿ!"

ಆಳುಗಳು ನಕ್ಕರು. ಅವನು ನಗಲಿಲ್ಲ. "ವಾದ್ಯದ ಕತ್ತು ಕೊಯ್ಯೋಣ. ಅಲ್ಲಿಗೆ ಹೋದ್ಮೇಲೆ ಮತ್ತೆ ಅಂಟಿಸ್ತೀನಿ. ಮೊದಲಿನ ನಾದ ಬರಲ್ಲ, ಆದ್ರೆ ಕೊಟ್ಟ ಮಾತು" ಎಂದು ಗರಗಸ ತರಲು ಶೆಡ್ಡಿಗೆ ಹೋದ.

ಆಳುಗಳು ಜಗಲಿಗೆ ಹೋಗಿ ಕೂತರು. ಅವಳೂ ಸವತಿಯೂ ಎದುರುಬದುರು. "ಹೋಗೋವಾಗ್ಲೂ ರಂಪ ಮಾಡ್ತೀಯಲ್ಲೇ" ಎಂದು ಬೈದು, ಇಷ್ಟು ವರ್ಷದ ಸಿಟ್ಟನ್ನೆಲ್ಲ ಬೆರಳಿಗೆ ತಂದುಕೊಂಡು ದಪ್ಪ ತಂತಿಯನ್ನು ಎಳೆದುಬಿಟ್ಟಳು.

ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳಗಳು ಗಲಗಲ ಅಂದವು. ಕಿಟಕಿಯಾಚೆ, ಶೆಡ್ಡಿನಲ್ಲಿ ಬೆನ್ನು ಹಾಕಿ ಗರಗಸ ಹುಡುಕುತ್ತಿದ್ದವನು ತಲೆ ಎತ್ತಿದ. ತಿರುಗಿ ನೇರ ಅವಳನ್ನು ನೋಡಿದ.

"ಕರೆದ್ಯಾ?"

ಅವಳು ಇನ್ನೊಮ್ಮೆ ಎಳೆದಳು, ಈ ಸಲ ಮೆಲ್ಲಗೆ. ಅವನು ಗರಗಸ ಹುಡುಕುವುದನ್ನು ಅಲ್ಲೇ ಬಿಟ್ಟು, ಕೈ ಒರೆಸಿಕೊಳ್ಳುತ್ತ ಬಂದ.

"ಊಟಕ್ಕಾ? ಇಷ್ಟು ಬೇಗ?"

ಅವಳು ಹೌದೆಂದು ತಲೆಯಾಡಿಸಿ, ಜಗಲಿಗೆ ಹೋಗಿ ಮೇಸ್ತ್ರಿಗೆ ಹೇಳಿದಳು. "ನೀವು ಹೊರಡಿ ಅಣ್ಣ. ಬಚ್ಚಲು ಒಡೆಯೋಕೆ ನಾನು ಬಿಡಲ್ಲ."

"ಕತ್ತು ಕೊಯ್ತೀವಿ ಅಂದ್ರಲ್ಲಮ್ಮ ಯಜಮಾನ್ರು?"

"ಅವರಿಗೇನು ಗೊತ್ತು? ಹೊರಡಿ."

ಲಾರಿ ಬರಿದೇ ಹೋಯಿತು. ಅವನು ಏನೊಂದೂ ತಿಳಿಯದೆ ಬಾಗಿಲಲ್ಲಿ ನಿಂತು, "ನಾನು ನಿಂಗೆ ಮಾತು ಕೊಟ್ಟಿದ್ದೆ ಕಣೇ" ಎಂದ. ಅವಳು ತಟ್ಟೆ ಹಾಕಿದಳು, ನಡುಮನೆಗೆ ಹೋಗಿ ತಂತಿ ಮೀಟಿದಳು. ಅವನು ಬಂದು ಕೂತ.

ವಾದ್ಯ ಮನೆಯಲ್ಲೇ ಉಳಿಯಿತು. ಅವನು ಕೊಟ್ಟ ಮಾತಿಗೆ ತಪ್ಪಿದ.